ಗೊಂಬೆ ಹೋಗಿದ್ದಕ್ಕಲ್ಲ ಸಿಟ್ಟು

ದಕ್ಷಿಣ ಪೆಸಿಫಿಕ್ ಸಾಗರದ ನಡುವೆ ಒಂದು ದ್ವೀಪ. ಹೊರಗಿನವರ ಕಣ್ಣಿಗೆ ಅಲ್ಲಿರುವುದು ಒಬ್ಬ ಸಿರಿವಂತ ಮಾಜಿ ಗಗನಯಾತ್ರಿಯ ಬಂಗಲೆ, ಅಷ್ಟೇ. ಗೋಡೆಗೆ ತೂಗುಹಾಕಿದ ಭಾವಚಿತ್ರವೊಂದರ ಕಣ್ಣು ಮಿನುಗುತ್ತದೆ. ಭೂಮಿಯ ಯಾವುದೋ ಮೂಲೆಯಲ್ಲಿ ಯಾರೋ ಆಪತ್ತಿಗೆ ಸಿಕ್ಕಿದ್ದಾರೆ. ಸ್ಕಾಟ್ ಎಂಬ ಮಗ ಗೋಡೆಯ ಎರಡು ದೀಪಗಳನ್ನು ಹಿಡಿದು ನಿಂತರೆ ಗೋಡೆಯೇ ತಿರುಗಿ ಅವನನ್ನು ಒಳಕ್ಕೆ ಒಯ್ಯುತ್ತದೆ. ಅವನ ತಮ್ಮ ವರ್ಜಿಲ್ ಒಂದು ಚಿತ್ರಪಟಕ್ಕೆ ಬೆನ್ನು ಕೊಡುತ್ತಾನೆ, ಪಟ ವಾಲಿ ಅವನನ್ನು ತಲೆಕೆಳಗಾಗಿ ಜಾರಿಸಿಬಿಡುತ್ತದೆ. ಈಜುಕೊಳ ಪಕ್ಕಕ್ಕೆ ಸರಿದು ಅಡಿಯಿಂದ ರಾಕೆಟ್ಟು ಏಳುತ್ತದೆ. ಬಂಡೆಯ ಬಾಗಿಲು ತೆರೆದು, ಸಾಲು ತಾಳೆಮರಗಳು ಎರಡೂ ಬದಿಗೆ ಬಾಗಿ, ದೈತ್ಯ ಹಸಿರು ವಿಮಾನವೊಂದು ನಿಧಾನಕ್ಕೆ ಹೊರಬರುತ್ತದೆ. ಇಷ್ಟು ಹೊತ್ತೂ ಮಾತೇ ಇಲ್ಲವೆನ್ನಬೇಕು. ಬ್ಯಾರಿ ಗ್ರೇ ಅವರ ವಾದ್ಯಸಂಗೀತ, ಯಂತ್ರಗಳ ಸದ್ದು.

ಈ ಸಾಹಸಿಗಳೆಲ್ಲ ಎರಡಡಿಗಿಂತ ಗಿಡ್ಡ ಸೂತ್ರದ ಗೊಂಬೆಗಳು. 1965ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ ಮೊದಲ ಬಾರಿ ಕಾಣಿಸಿಕೊಂಡ ‘ಥಂಡರ್‌ಬರ್ಡ್ಸ್’ ಧಾರಾವಾಹಿಯ ಕಂತುಗಳು ಒಟ್ಟು 32. ಅಷ್ಟಕ್ಕೇ ಅದು ಎರಡು ತಲೆಮಾರಿನ ಬಾಲ್ಯವನ್ನು ಆಳಿತು. 1991ರಲ್ಲಿ ಬಿಬಿಸಿ ಮರುಪ್ರಸಾರ ಮಾಡಿದಾಗ, ಮರುವರ್ಷದ ಕ್ರಿಸ್‌ಮಸ್ ಹೊತ್ತಿಗೆ ಆ ದ್ವೀಪದ ಆಟಿಕೆ ಅಂಗಡಿಗಳಲ್ಲಿ ಸಿಗದೆ ತಾಯ್ತಂದೆಯರು ಪರದಾಡಿದರು. ಕೊನೆಗೆ ಬಿಬಿಸಿಯ ಮಕ್ಕಳ ಕಾರ್ಯಕ್ರಮ ‘ಬ್ಲೂ ಪೀಟರ್’ ಮನೆಯಲ್ಲಿ ಸಿಗುವ ರಟ್ಟು, ಡಬ್ಬಗಳಿಂದಲೇ ಅದನ್ನು ಮಾಡಿಕೊಳ್ಳುವ ಬಗೆ ಹೇಳಿಕೊಡಬೇಕಾಯಿತು.

ಇಂಥ ಪ್ರೀತಿಯ ಬಂಡವಾಳವಿದ್ದ ಹೆಸರಿನಲ್ಲಿ 2004ರ ಜುಲೈನಲ್ಲಿ ಒಂದು ದೊಡ್ಡ ಸಿನಿಮಾ ಬಂತು. ಗೊಂಬೆಗಳಿಲ್ಲ, ನಟರಿದ್ದರು. ಖರ್ಚು ಸುಮಾರು 5.7 ಕೋಟಿ ಡಾಲರ್, ಪ್ರಪಂಚವೆಲ್ಲ ಸುತ್ತಿ ಬಂದ ಗಳಿಕೆ ಅದರ ಅರ್ಧದಷ್ಟು. ಸಿನಿಮಾ ಸೋಲುವುದು ದಿನನಿತ್ಯದ ಮಾತು. ಆದರೆ ಇಲ್ಲಿ ಅಭಿಮಾನಿಗಳಿಗೆ ಆದದ್ದು ಬೇಸರಕ್ಕಿಂತ ದೊಡ್ಡದು, ಅದರಲ್ಲಿ ಅವಮಾನದ ಛಾಯೆ ಇತ್ತು. ‘ಗೊಂಬೆ ತೆಗೆದು ಮನುಷ್ಯರನ್ನು ಹಾಕಿದರಲ್ಲ, ಅದಕ್ಕೇ ಸಿಟ್ಟು’ ಎಂಬ ವಿವರಣೆ ಇಂದಿಗೂ ಚಾಲ್ತಿಯಲ್ಲಿದೆ. ಸುಲಭದ ವಿವರಣೆ, ಆದರೆ ತಪ್ಪು. ಗೊಂಬೆಗಳ ಜೊತೆಗೆ, ಗೊಂಬೆಗಳ ಕಾರಣದಿಂದಲೇ ಹುಟ್ಟಿದ್ದ ಒಂದು ಕಥೆ ಹೇಳುವ ಕ್ರಮವೂ ಹೋಯಿತು. ನೋವು ಇದ್ದದ್ದು ಅಲ್ಲಿ.

ಗಣಿಯಿಂದ ಬಂದ ಕಥೆ

1963ರ ಅಕ್ಟೋಬರ್ 24ರಂದು ಪಶ್ಚಿಮ ಜರ್ಮನಿಯ ಲೆಂಗೆಡೆ ಎಂಬಲ್ಲಿ ಕಬ್ಬಿಣದ ಅದಿರಿನ ಗಣಿಗೆ ಕೆಸರುಕೊಳದ ನೀರು ನುಗ್ಗಿತು. 29 ಮಂದಿ ಸತ್ತರು. ಎಲ್ಲರೂ ಆಸೆ ಬಿಟ್ಟಿದ್ದಾಗ, ಎರಡು ವಾರದ ಮೇಲೆ, ಕೊರೆದ ಕಿಂಡಿಯ ಮೂಲಕ 11 ಕಾರ್ಮಿಕರನ್ನು ಜೀವಂತ ಮೇಲಕ್ಕೆತ್ತಿದರು. ನೆಲ ಕೊರೆಯುವ ದೊಡ್ಡ ಯಂತ್ರವನ್ನು ದೂರದಿಂದ ತರಿಸಬೇಕಾಗಿ ಬಂದದ್ದು ಬ್ರಿಟನ್ನಿನ ನಿರ್ಮಾಪಕ ಜೆರಿ ಆ್ಯಂಡರ್ಸನ್ ಅವರ ಮನಸ್ಸಿನಲ್ಲಿ ಉಳಿಯಿತು. ಇಂಥ ಯಂತ್ರಗಳೆಲ್ಲ ಒಂದೇ ಕಡೆ ಸಿದ್ಧವಾಗಿದ್ದು, ಕರೆ ಬಂದ ಕೂಡಲೇ ಹಾರಿಬರುವಂತಿದ್ದರೆ? ಜೆರಿ ಮತ್ತು ಸಿಲ್ವಿಯಾ ಆ್ಯಂಡರ್ಸನ್ ದಂಪತಿ ಕಟ್ಟಿದ ‘ಇಂಟರ್‌ನ್ಯಾಷನಲ್ ರೆಸ್ಕ್ಯೂ’ ಎಂಬ ಕಲ್ಪನೆಯ ಸಂಸ್ಥೆ ಹುಟ್ಟಿದ್ದು ಹಾಗೆ. ಅದನ್ನು ನಡೆಸುವವನು ಜೆಫ್ ಟ್ರೇಸಿ. ಅವನ ಐವರು ಗಂಡುಮಕ್ಕಳಿಗೆ ಅಮೆರಿಕದ ಮೊದಲ ಗಗನಯಾತ್ರಿಗಳ ಹೆಸರು: ಸ್ಕಾಟ್, ಜಾನ್, ವರ್ಜಿಲ್, ಗಾರ್ಡನ್, ಆ್ಯಲನ್. ಥಂಡರ್‌ಬರ್ಡ್ ಎಂಬ ಹೆಸರಿನ ಐದು ವಾಹನಗಳು: ಮೊದಲು ಹಾರಿ ಸ್ಥಿತಿಗತಿ ನೋಡುವ ರಾಕೆಟ್ ವಿಮಾನ, ಸಲಕರಣೆ ಹೊರುವ ಹಸಿರು ವಿಮಾನ, ಅಂತರಿಕ್ಷ ನೌಕೆ, ಪುಟ್ಟ ಜಲಾಂತರ್ಗಾಮಿ, ಮತ್ತು ಆಕಾಶದಲ್ಲಿ ನಿಂತು ಪ್ರಪಂಚದ ಮೊರೆ ಕೇಳುವ ನಿಲ್ದಾಣ.

ಧಾರಾವಾಹಿಯ ಬೀಜದಲ್ಲಿ ಖಳನಾಯಕನಿಲ್ಲ, ಅಪಘಾತವಿದೆ. ಹುಡ್ ಎಂಬ ಬೋಳುತಲೆಯ ದುಷ್ಟನೊಬ್ಬ ಇದ್ದಾನೆ ನಿಜ, ಆದರೆ ಬರುವುದು ಕೆಲವೇ ಕಂತುಗಳಲ್ಲಿ. ಉಳಿದ ಕಡೆ ವೈರಿ ಎಂದರೆ ಕುಸಿಯುವ ಸೇತುವೆ, ದಾರಿತಪ್ಪಿ ಸೂರ್ಯನತ್ತ ಎಳೆದುಕೊಂಡು ಹೋಗುವ ನೌಕೆ, ಸ್ಥಳಾಂತರಿಸುವಾಗ ನೆಲ ಕುಸಿದು ಉರುಳುವ ಎಂಪೈರ್ ಸ್ಟೇಟ್ ಕಟ್ಟಡ. ಮನುಷ್ಯ ತಾನೇ ಕಟ್ಟಿದ್ದು ಕೈಕೊಟ್ಟಾಗ ಏನು ಮಾಡಬೇಕು ಎಂಬ ಪ್ರಶ್ನೆಯನ್ನೇ ಧಾರಾವಾಹಿ ಮತ್ತೆ ಮತ್ತೆ ಕೇಳಿತು.

ನಡೆಯಲಾರದ ನಾಯಕರು

ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನೋಡಿದವರಿಗೆ ಸೂತ್ರದ ಗೊಂಬೆ ಎಂದರೆ ಕುಣಿಯುವ ಕಾಲು, ಬೀಸುವ ಕೈ, ಮೈಯೆಲ್ಲ ತಾಳ. ಆ್ಯಂಡರ್ಸನ್ನರ ಗೊಂಬೆಗಳದು ಅದಕ್ಕೆ ತೀರಾ ಉಲ್ಟಾ. ಅವುಗಳಿಗೆ ನೆಟ್ಟಗೆ ನಡೆಯಲು ಬಾರದು. ತೆಳು ಲೋಹದ ತಂತಿಗಳೇ ಗೊಂಬೆಯನ್ನು ತೂಗಿ ಹಿಡಿಯುತ್ತಿದ್ದವು, ಅವೇ ತಲೆಯೊಳಗಿನ ವಿದ್ಯುತ್ ಸಾಧನಕ್ಕೆ ಕರೆಂಟನ್ನೂ ಒಯ್ಯುತ್ತಿದ್ದವು. ಮೊದಲೇ ಧ್ವನಿಮುದ್ರಿಸಿದ ಸಂಭಾಷಣೆಗೆ ಸರಿಯಾಗಿ ಕೆಳತುಟಿ ಅಲುಗುತ್ತಿತ್ತು. ಈ ತಂತ್ರಕ್ಕೆ ಅವರಿಟ್ಟ ಹೆಸರು ‘ಸೂಪರ್‌ಮ್ಯಾರಿಯೊನೇಷನ್’. ತುಟಿಯ ಯಂತ್ರ ಹಿಡಿಸಬೇಕಾದ್ದರಿಂದ ತಲೆ ದಪ್ಪ. ಮುಖದಲ್ಲಿ ಭಾವ ಬದಲಾಗದು. ಗುದ್ದಾಟ, ಓಟ, ಅಪ್ಪುಗೆ ಯಾವುದೂ ಸಾಧ್ಯವಿಲ್ಲ. ಬೆರಳಿನ ಕೆಲಸ ತೋರಿಸಬೇಕಾದರೆ ನಿಜವಾದ ಮನುಷ್ಯನ ಕೈಯನ್ನು ಹತ್ತಿರದಿಂದ ಚಿತ್ರಿಸಿ ನಡುವೆ ಸೇರಿಸುತ್ತಿದ್ದರು.

ಈ ಕೊರತೆಗಳಿಂದಲೇ ಧಾರಾವಾಹಿಗೆ ಅದರ ಶೈಲಿ ಸಿಕ್ಕಿತು. ನಡೆಯಲಾರದವರನ್ನು ಕೂರಿಸಬೇಕು. ಹಾಗಾಗಿ ಎಲ್ಲರೂ ಯಾವುದಾದರೂ ವಾಹನದ ಚಾಲಕರು. ದೀಪದ ಹಿಂದಿನ ಗೋಡೆ, ವಾಲುವ ಚಿತ್ರಪಟ, ಜಾರುಬಂಡೆ ಎಲ್ಲವೂ ಗೊಂಬೆಯನ್ನು ನಡೆಸದೆ ವಾಹನಕ್ಕೆ ಸೇರಿಸುವ ಉಪಾಯಗಳು. ಗುದ್ದಾಡಲಾರದವರಿಗೆ ಗುದ್ದಾಟದ ಕಥೆ ಬರೆದು ಫಲವಿಲ್ಲ. ಆದ್ದರಿಂದ ಕಥೆಯ ಬಿಸಿ ಯಂತ್ರಕ್ಕೆ, ಗಡಿಯಾರಕ್ಕೆ, ಕೆಲಸದ ಹಂತಗಳಿಗೆ ವರ್ಗವಾಯಿತು. ಅದರ ಮೇಲೆ ಇನ್ನೊಂದು ಆಕಸ್ಮಿಕ. ಮೊದಲ ಕಂತು ನೋಡಿ ಬೆರಗಾದ ಟೆಲಿವಿಷನ್ ದೊರೆ ಲ್ಯೂ ಗ್ರೇಡ್, 25 ನಿಮಿಷದ ಕಂತುಗಳನ್ನು 50 ನಿಮಿಷಕ್ಕೆ ಹಿಗ್ಗಿಸಲು ಹೇಳಿದರು. ಆಗಲೇ ಚಿತ್ರಿಸಿಟ್ಟ ಕಂತುಗಳಿಗೂ ಹೊಸ ದೃಶ್ಯ ಸೇರಿಸಬೇಕಾಯಿತು. ಹೀಗೆ ಸಿಕ್ಕಿದ ಸಮಯದಲ್ಲಿ ರಾಕೆಟ್ಟು ಏಳುವುದನ್ನು ಪೂರ್ತಿ ತೋರಿಸಬಹುದಿತ್ತು, ಸಲಕರಣೆ ಇಳಿಸುವುದನ್ನು, ಮೊದಲ ಪ್ರಯತ್ನ ವಿಫಲವಾಗಿ ಎರಡನೆಯದಕ್ಕೆ ಕೈಹಾಕುವುದನ್ನು ಸಾವಧಾನವಾಗಿ ಹೇಳಬಹುದಿತ್ತು.

ಆ ಮೊದಲ ಕಂತನ್ನೇ ನೋಡಿ. ಹೆಸರು ‘ಟ್ರ್ಯಾಪ್ಡ್ ಇನ್ ದ ಸ್ಕೈ’. ಫೈರ್‌ಫ್ಲ್ಯಾಷ್ ಎಂಬ ಅಣುಶಕ್ತಿ ವಿಮಾನದ ಚಕ್ರಗಳ ಬಳಿ ಹುಡ್ ಬಾಂಬಿಟ್ಟಿದ್ದಾನೆ. ನೆಲಕ್ಕೆ ತಾಗಿದರೆ ಸ್ಫೋಟ, ಆಕಾಶದಲ್ಲೇ ಉಳಿದರೆ ಸ್ವಲ್ಪ ಹೊತ್ತಿನಲ್ಲಿ ಪ್ರಯಾಣಿಕರಿಗೆ ವಿಕಿರಣದ ಅಪಾಯ. ಹುಡ್‌ನ ಕೆಲಸ ಇಷ್ಟಕ್ಕೇ ಹೆಚ್ಚುಕಡಿಮೆ ಮುಗಿಯಿತು. ಮುಂದಿನ ಸಮಯವೆಲ್ಲ ಒಂದೇ ಸಮಸ್ಯೆಗೆ ಮೀಸಲು: ಚಕ್ರವಿಲ್ಲದೆ ಇದನ್ನು ಇಳಿಸುವುದು ಹೇಗೆ? ರನ್‌ವೇಯಲ್ಲಿ ಮೂರು ಗಾಡಿಗಳು ವಿಮಾನದ ವೇಗಕ್ಕೆ ಸರಿಯಾಗಿ ಓಡಬೇಕು, ವಿಮಾನ ಅವುಗಳ ಬೆನ್ನಮೇಲೆ ಇಳಿಯಬೇಕು. ಒಂದು ಗಾಡಿ ಹಿಡಿತ ತಪ್ಪುತ್ತದೆ, ಅದರ ಜಾಗಕ್ಕೆ ಇನ್ನೊಂದನ್ನು ತಂದು ಮತ್ತೆ ಯತ್ನ. ನೋಡುವವರ ಎದೆಬಡಿತ ಏರುವುದು ಆ ಗಾಡಿಗಳ ಚಕ್ರದ ಸದ್ದಿಗೆ. ಡೆರೆಕ್ ಮೆಡಿಂಗ್ಸ್ ಅವರ ತಂಡ ಮಾದರಿಗಳಿಗೆ ಬೇಕೆಂದೇ ಎಣ್ಣೆಕಲೆ, ಮಸಿ ಬಳಿದು, ಹೆಚ್ಚು ವೇಗದಲ್ಲಿ ಚಿತ್ರಿಸಿ, ಆಟಿಕೆಗೆ ನೂರಾರು ಟನ್ನಿನ ಭಾರ ತಂದುಕೊಟ್ಟಿತು. ಮೆಡಿಂಗ್ಸ್ ಮುಂದೆ ಜೇಮ್ಸ್ ಬಾಂಡ್ ಚಿತ್ರಗಳಿಗೂ 1978ರ ‘ಸೂಪರ್‌ಮ್ಯಾನ್’ಗೂ ಕೆಲಸ ಮಾಡಿದರು ಎಂದರೆ ಆ ಕೈಚಳಕದ ಮಟ್ಟ ಗೊತ್ತಾಗುತ್ತದೆ.

ಕೊನೆಯದಾಗಿ ಅದರ ಗಂಭೀರತೆ. ಮರಗಟ್ಟಿದ ಮುಖದ ಈ ಗೊಂಬೆಗಳು ಪ್ರೇಕ್ಷಕರತ್ತ ಕಣ್ಣು ಮಿಟುಕಿಸಿ ‘ಇದೆಲ್ಲ ತಮಾಷೆಗೆ’ ಎಂದು ಹೇಳಲಿಲ್ಲ. ತಮಾಷೆಗೆ ಪಾರ್ಕರ್ ಇದ್ದ, ಲೇಡಿ ಪೆನೆಲಪಿಯ ಗುಲಾಬಿ ರೋಲ್ಸ್‌ರಾಯ್ಸ್ ಓಡಿಸುವ ಹಳೆಯ ಕಳ್ಳ. ಆದರೆ ಆಪತ್ತು ಬಂದಾಗ ಎಲ್ಲರದೂ ಕೆಲಸದ ಮುಖ.

ಸಿನಿಮಾ ಮಾಡಿದ್ದೇನು?

2004ರ ಚಿತ್ರದ ನಿರ್ದೇಶಕ ಜೊನಾಥನ್ ಫ್ರೇಕ್ಸ್. ‘ಸ್ಟಾರ್ ಟ್ರೆಕ್’ ನಟ, ಅದೇ ಸರಣಿಯ ಎರಡು ಸಿನಿಮಾಗಳ ನಿರ್ದೇಶಕ, ಅಂದರೆ ಅಭಿಮಾನಿಗಳ ಹಟ ಏನೆಂದು ಬಲ್ಲವರು. ಜೆಫ್ ಪಾತ್ರಕ್ಕೆ ಬಿಲ್ ಪ್ಯಾಕ್ಸ್‌ಟನ್. ಹುಡ್ ಪಾತ್ರಕ್ಕೆ ಬೆನ್ ಕಿಂಗ್ಸ್‌ಲಿ, ನಮ್ಮವರು ‘ಗಾಂಧಿ’ಯಾಗಿ ಕಂಡ ಅದೇ ನಟ. ಹಣವಿತ್ತು, ಪ್ರತಿಭೆಯಿತ್ತು. ಎಡವಿದ್ದು ಚಿತ್ರಕಥೆಯ ಮೊದಲ ನಿರ್ಧಾರದಲ್ಲೇ.

ಮೂಲದಲ್ಲಿ ಆ್ಯಲನ್ ಅಂತರಿಕ್ಷ ನೌಕೆ ನಡೆಸುವ ಯುವಕ. ಸಿನಿಮಾದಲ್ಲಿ ಅವನು ವಸತಿಶಾಲೆಯ ಹುಡುಗ, ಅಣ್ಣಂದಿರಂತೆ ತನ್ನನ್ನೂ ತಂಡಕ್ಕೆ ಸೇರಿಸಲಿಲ್ಲವೆಂದು ಮುನಿದವನು. ಜಾನ್ ಇರುವ ಆಕಾಶದ ನಿಲ್ದಾಣಕ್ಕೆ ಹುಡ್ ಕ್ಷಿಪಣಿ ಬಿಡುತ್ತಾನೆ. ಜಾನ್‌ನನ್ನು ಉಳಿಸಲು ಹೋದ ತಂದೆ ಮತ್ತು ಅಣ್ಣಂದಿರು ಅಲ್ಲೇ ಸಿಕ್ಕಿಬೀಳುತ್ತಾರೆ. ದ್ವೀಪ ದುಷ್ಟರ ಕೈಸೇರುತ್ತದೆ. ಉಳಿದವರು ಮೂವರು ಮಕ್ಕಳು: ಆ್ಯಲನ್, ವಿಜ್ಞಾನಿ ಬ್ರೇನ್ಸ್‌ನ ಮಗ ಫರ್ಮ್ಯಾಟ್, ಮತ್ತು ಅವರ ಗೆಳತಿ ಟಿನ್‌ಟಿನ್. ಚಿತ್ರದ ದೊಡ್ಡ ಭಾಗ ಈ ಮೂವರು ಕಾಡಿನಲ್ಲಿ ಅವಿತು, ಓಡಿ, ದುಷ್ಟರಿಗೆ ಚಳ್ಳೆಹಣ್ಣು ತಿನ್ನಿಸುವುದರಲ್ಲಿ ಕಳೆಯುತ್ತದೆ. ಹುಡ್ ಹಸಿರು ವಿಮಾನವನ್ನು ಕದ್ದು ಲಂಡನ್ನಿಗೆ ಹೋಗಿ ಬ್ಯಾಂಕ್ ಆಫ್ ಇಂಗ್ಲೆಂಡ್ ದೋಚಲು ನೋಡುತ್ತಾನೆ. ಮದುವೆಮನೆಯಲ್ಲಿ ಅಡುಗೆಭಟ್ಟರನ್ನು ಉಗ್ರಾಣದಲ್ಲಿ ಕೂಡಿಹಾಕಿ ಮಕ್ಕಳ ಕೈಗೆ ಸೌಟು ಕೊಟ್ಟ ಹಾಗಾಯಿತು ಇದು. ಯಾರ ಕೆಲಸ ನೋಡಲೆಂದು ಜನ ಬಂದಿದ್ದರೋ ಅವರೇ ಪಂಕ್ತಿಯಿಂದ ಹೊರಗೆ.

ರಕ್ಷಣೆಯ ದೃಶ್ಯಗಳು ಇಲ್ಲವೇ ಇಲ್ಲ ಎಂದಲ್ಲ. ಆರಂಭದಲ್ಲಿ ಸಮುದ್ರದ ನಡುವಿನ ತೈಲಬಾವಿಯ ಬೆಂಕಿ ಇದೆ. ಅದನ್ನು ಆ್ಯಲನ್ ಕಾಣುವುದು ಶಾಲೆಯ ಟೆಲಿವಿಷನ್ನಿನಲ್ಲಿ, ಸುದ್ದಿಯಾಗಿ. ಕೊನೆಯಲ್ಲಿ ಥೇಮ್ಸ್ ನದಿಗೆ ಬಿದ್ದ ಮೊನೊರೈಲಿನಿಂದ ಜನರನ್ನು ಉಳಿಸುವುದಿದೆ. ಮಕ್ಕಳು ತಂಡವಾಗಿ ದುಡಿಯುವ ಆ ಕೆಲವು ನಿಮಿಷಗಳಲ್ಲಿ ಹಳೆಯ ಧಾರಾವಾಹಿಯ ಉಸಿರು ಆಡುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ತಕ್ಷಣ ಕಥೆ ಮತ್ತೆ ಹುಡ್‌ನ ಸೇಡಿನ ಕಡೆಗೆ ತಿರುಗುತ್ತದೆ. 50 ನಿಮಿಷದ ಗೊಂಬೆ ಕಂತಿನಲ್ಲಿ ರಕ್ಷಣೆಗೆ ಸಿಗುತ್ತಿದ್ದ ಸಮಯ ಒಂದೂವರೆ ಗಂಟೆಯ ಸಿನಿಮಾದಲ್ಲಿ ಸಿಗಲಿಲ್ಲ. ರೋಲ್ಸ್‌ರಾಯ್ಸ್ ಜಾಗಕ್ಕೆ ಫೋರ್ಡ್ ಬಂದದ್ದರ ಬಗ್ಗೆ ಅಭಿಮಾನಿಗಳು ಎತ್ತಿದ ಗಲಾಟೆ ಅತಿಯಾಯಿತು ಅನ್ನಿಸುತ್ತದೆ. ಬಣ್ಣ ಗುಲಾಬಿಯೇ ಇತ್ತು. ಮುನಿಯುವುದಕ್ಕೆ ಅದಕ್ಕಿಂತ ದೊಡ್ಡ ಕಾರಣಗಳಿದ್ದವು.

‘ಮಕ್ಕಳ ಸಿನಿಮಾ ತಾನೇ?’

ನಿರ್ಮಾಪಕರ ಪರ ವಾದಿಸುವವರ ಮೊದಲ ಮಾತು ಇದು: ಚಿತ್ರ ಮಾಡಿದ್ದು ಹತ್ತು ವರ್ಷದವರಿಗೆ, ಗೊಣಗುತ್ತಿರುವವರು ಐವತ್ತು ವರ್ಷದವರು. ಇದರಲ್ಲಿ ಸ್ವಲ್ಪ ಹುರುಳಿದೆ. 1966ರಲ್ಲಿ ಅಮೆರಿಕದ ದೊಡ್ಡ ಟಿವಿ ಜಾಲಗಳು ಈ ಧಾರಾವಾಹಿಯನ್ನು ಕೊಳ್ಳಲಿಲ್ಲ, ಅದು ಆರೇ ಕಂತಿನ ಎರಡನೇ ಸರಣಿಗೆ ನಿಂತುಹೋಗಲು ಮುಖ್ಯ ಕಾರಣವೂ ಅದೇ. ಹಾಗಾಗಿ ಅಲ್ಲಿನ ಪ್ರೇಕ್ಷಕರಿಗೆ ಹೆಸರಿನ ಮೋಹ ಕಡಿಮೆ. ಅವರನ್ನು ಸೆಳೆಯಲು 2001ರ ‘ಸ್ಪೈ ಕಿಡ್ಸ್’ ಗೆದ್ದ ದಾರಿ ಹಿಡಿಯುವುದು ವ್ಯಾಪಾರದ ಲೆಕ್ಕದಲ್ಲಿ ಸರಿಯಾಗಿಯೇ ಕಂಡಿರಬೇಕು.

ಆದರೆ ಮೂಲ ಧಾರಾವಾಹಿಯೂ ಮಕ್ಕಳಿಗೆಂದೇ ಮಾಡಿದ್ದಲ್ಲವೇ? ಅದರ ತಂಡದಲ್ಲಿ ಒಂದು ಮಗುವೂ ಇರಲಿಲ್ಲ. ಹತ್ತು ವರ್ಷದ ಹುಡುಗನಿಗೆ ತನ್ನ ಕನ್ನಡಿಬಿಂಬ ಬೇಕಿರಲಿಲ್ಲ. ದೊಡ್ಡವನಾದ ಮೇಲೆ ಮಾಡಬಹುದಾದ, ಮಾಡಲು ಯೋಗ್ಯವಾದ ಒಂದು ಕೆಲಸ ಬೇಕಿತ್ತು, ಅದನ್ನು ಶ್ರದ್ಧೆಯಿಂದ ಮಾಡುವವರು ಬೇಕಿದ್ದರು. ಸಿನಿಮಾ ಅವನಿಗೆ ಕೊಟ್ಟದ್ದು, ಅಪ್ಪ ತನ್ನನ್ನು ಗುರುತಿಸಲಿಲ್ಲ ಎಂದು ಕೊರಗುವ ಹುಡುಗನನ್ನು. ಅಂಥವನು ನೂರು ಚಿತ್ರಗಳಲ್ಲಿ ಸಿಗುತ್ತಾನೆ. ಮೇಲಾಗಿ ಈ ಲೆಕ್ಕಾಚಾರ ವ್ಯಾಪಾರದಲ್ಲೂ ಫಲಿಸಲಿಲ್ಲ. ಅಮೆರಿಕದಲ್ಲಿ ಚಿತ್ರ ಗಳಿಸಿದ್ದು ಸುಮಾರು 70 ಲಕ್ಷ ಡಾಲರ್ ಮಾತ್ರ. ಹಳಬರನ್ನು ಕಳೆದುಕೊಂಡು ಹೊಸಬರನ್ನು ಗಳಿಸಿದ್ದರೆ ಅದೊಂದು ವ್ಯವಹಾರ. ಇಲ್ಲಿ ಎರಡೂ ಕಡೆ ನಷ್ಟ.

ಮತ್ತೊಂದು ಆಕ್ಷೇಪ: ಸೃಷ್ಟಿಕರ್ತರೇ ಒಮ್ಮತದಲ್ಲಿ ಇರಲಿಲ್ಲವಲ್ಲ? ನಿಜ. ಜೆರಿ ಆ್ಯಂಡರ್ಸನ್ ಚಿತ್ರವನ್ನು ತೀರಾ ಕಟುವಾದ ಮಾತಿನಲ್ಲಿ ಜರೆದರು. ಆ ಹೊತ್ತಿಗೆ ಅವರಿಂದ ಬೇರೆಯಾಗಿ ದಶಕಗಳೇ ಕಳೆದಿದ್ದ ಸಿಲ್ವಿಯಾ ಅದನ್ನು ಮೆಚ್ಚಿ ಹೊಗಳಿದರು. ಇದರಲ್ಲಿ ವಿರೋಧಾಭಾಸ ಕಾಣಬೇಕಿಲ್ಲ. ಧಾರಾವಾಹಿಯಲ್ಲಿ ಪಾತ್ರಗಳನ್ನು ರೂಪಿಸಿದವರು, ಲೇಡಿ ಪೆನೆಲಪಿಗೆ ದನಿ ಕೊಟ್ಟವರು ಸಿಲ್ವಿಯಾ. ಸಿನಿಮಾದಲ್ಲಿ ಸೋಫಿಯಾ ಮೈಲ್ಸ್ ಅವರ ಪೆನೆಲಪಿ, ರಾನ್ ಕುಕ್ ಅವರ ಪಾರ್ಕರ್ ನಿಜಕ್ಕೂ ಸೊಗಸಾಗಿದ್ದಾರೆ. ಪಾತ್ರಗಳ ಕಣ್ಣಿನಿಂದ ನೋಡಿದರೆ ಮೆಚ್ಚುವಂಥದ್ದಿದೆ, ಲೆಂಗೆಡೆಯ ಗಣಿಯ ಕಣ್ಣಿನಿಂದ ನೋಡಿದರೆ ಇಲ್ಲ.

ಗೊಂಬೆಯಿದ್ದೂ ಸೋತವು, ಇಲ್ಲದೆಯೂ ಉಳಿದದ್ದು

ಈಗ ಗೊಂಬೆಯ ಪ್ರಶ್ನೆಗೆ ಬರೋಣ. ಗೊಂಬೆಗಳೇ ಜೀವಾಳವಾಗಿದ್ದರೆ ಗೊಂಬೆಗಳಿದ್ದ ಸಿನಿಮಾ ಗೆಲ್ಲಬೇಕಿತ್ತು. 1966ರ ಡಿಸೆಂಬರಿನಲ್ಲಿ, ಧಾರಾವಾಹಿಯ ಕೀರ್ತಿ ತುದಿಯಲ್ಲಿದ್ದಾಗಲೇ, ‘ಥಂಡರ್‌ಬರ್ಡ್ಸ್ ಆರ್ ಗೋ’ ಲಂಡನ್ನಿನಲ್ಲಿ ಅದ್ದೂರಿಯಾಗಿ ತೆರೆಕಂಡಿತು. ಅದೇ ಗೊಂಬೆಗಳು, ಅದೇ ದನಿಗಳು, ಮಂಗಳಗ್ರಹಕ್ಕೆ ಹೋಗುವ ದೊಡ್ಡ ನೌಕೆ. ಜನ ಬರಲಿಲ್ಲ. ಹಣ ಹೂಡಿದ್ದ ಯುನೈಟೆಡ್ ಆರ್ಟಿಸ್ಟ್ಸ್ ನಂಬಲಾರದೆ ಮತ್ತೊಂದು ಮಾಡಿಸಿತು. 1968ರ ‘ಥಂಡರ್‌ಬರ್ಡ್ 6’ ಕೂಡ ಬಿತ್ತು. ಮನೆಯಲ್ಲಿ ಪುಕ್ಕಟೆ ಸಿಗುವುದಕ್ಕೆ ಟಿಕೆಟ್ ಕೊಳ್ಳುವವರು ಕಡಿಮೆ ಎಂಬುದು ಆಗ ಹೇಳಿದ ಕಾರಣಗಳಲ್ಲೊಂದು. ಗಮನಿಸಬೇಕಾದ್ದೆಂದರೆ, ಆ ಎರಡನ್ನೂ ಅಭಿಮಾನಿಗಳು ಇಂದಿಗೂ ಅಕ್ಕರೆಯಿಂದ ನೋಡುತ್ತಾರೆ. ಗಲ್ಲಾಪೆಟ್ಟಿಗೆಯ ಸೋಲು ಬೇರೆ, ಅಭಿಮಾನಿಯ ನಿರಾಸೆ ಬೇರೆ. 2004ರ ಚಿತ್ರದ ಬಗ್ಗೆ ಮಾತಾಡುವವರು ಇವೆರಡನ್ನೂ ಕಲಸಿಬಿಡುತ್ತಾರೆ.

ಜೆರಿ ಆ್ಯಂಡರ್ಸನ್‌ಗೇ ಗೊಂಬೆಗಳ ಮೇಲೆ ವಿಶೇಷ ಮೋಹವಿರಲಿಲ್ಲ. 1957ರಲ್ಲಿ ಕಂಪನಿಗೆ ಬೇರೆ ಕೆಲಸ ಸಿಗದೆ ಗೊಂಬೆ ಕಾರ್ಯಕ್ರಮಕ್ಕೆ ಒಪ್ಪಿಕೊಂಡವರು ಅವರು. ಅವಕಾಶ ಸಿಕ್ಕ ಕೂಡಲೇ ‘ಯುಎಫ್‌ಒ’, ‘ಸ್ಪೇಸ್: 1999’ ಎಂದು ನಟರ ಧಾರಾವಾಹಿಗಳಿಗೆ ಹೊರಳಿದರು. ನಟರನ್ನು ಹಾಕುವುದೇ ಪಾಪವಾಗಿದ್ದರೆ ಆ ಪಾಪವನ್ನು ಮೊದಲು ಮಾಡಿದವರು ಅವರೇ.

ಇನ್ನೂ ಬಲವಾದ ಸಾಕ್ಷಿ 2015ರದು. ಆ ವರ್ಷ ಬ್ರಿಟನ್ನಿನ ಐಟಿವಿಯಲ್ಲಿ ಹಳೆಯ ಸಿನಿಮಾದ ಹೆಸರನ್ನೇ ಹೊತ್ತು ‘ಥಂಡರ್‌ಬರ್ಡ್ಸ್ ಆರ್ ಗೋ’ ಎಂಬ ಹೊಸ ಸರಣಿ ಶುರುವಾಯಿತು. ಪಾತ್ರಗಳು ಕಂಪ್ಯೂಟರಿನಲ್ಲಿ ಮೂಡಿದವು, ಒಂದು ಸೂತ್ರವೂ ಇಲ್ಲ. ಆದರೆ ದ್ವೀಪ, ಸುರಂಗ, ಕಟ್ಟಡಗಳನ್ನು ನ್ಯೂಜಿಲೆಂಡಿನ ವೇಟಾ ವರ್ಕ್‌ಶಾಪ್ ಕೈಯಲ್ಲೇ ಕಟ್ಟಿತು. ಪಾರ್ಕರ್‌ಗೆ 1965ರಲ್ಲಿ ದನಿ ಕೊಟ್ಟ ಡೇವಿಡ್ ಗ್ರಹಾಮ್ ಅರ್ಧ ಶತಮಾನದ ಮೇಲೆ ಮತ್ತೆ ಅದೇ ಪಾತ್ರಕ್ಕೆ ದನಿಯಾದರು. ಹುಡ್ ಅದರಲ್ಲೂ ಇದ್ದಾನೆ, ಕೆಲವರಿಗೆ ಅವನ ಹಾವಳಿ ಹೆಚ್ಚೇ ಅನ್ನಿಸಿತು. ಆದರೂ ಯಾರೋ ಸಿಕ್ಕಿಬೀಳುತ್ತಾರೆ, ಅಣ್ಣತಮ್ಮಂದಿರು ಹೋಗುತ್ತಾರೆ, ಮೊದಲ ಉಪಾಯ ಕೈಕೊಡುತ್ತದೆ, ಎರಡನೆಯದು ಹೊಳೆಯುತ್ತದೆ ಎಂಬ ಹಳೆಯ ಓಟ ಅಲ್ಲಿ ಉಳಿದಿತ್ತು. ಮೂರು ಸರಣಿ, 78 ಕಂತು, 2020ರವರೆಗೆ. ಮೂಲದ ಎರಡು ಪಟ್ಟಿಗಿಂತ ಹೆಚ್ಚು.

ಅತ್ತ 2004ರಲ್ಲೇ, ಅದೇ ಹಾಲಿವುಡ್ಡಿನಲ್ಲಿ, ‘ಟೀಮ್ ಅಮೆರಿಕ’ ಎಂಬ ವಿಡಂಬನೆಯ ಚಿತ್ರ ಆ್ಯಂಡರ್ಸನ್ ಮಾದರಿಯ ಗೊಂಬೆಗಳನ್ನು, ತಂತಿಗಳನ್ನೂ ಮುಚ್ಚಿಡದೆ, ಕುಣಿಸಿ ‘ಥಂಡರ್‌ಬರ್ಡ್ಸ್’ಗಿಂತ ಹೆಚ್ಚು ಗಳಿಸಿತು. ಅದು ಮಕ್ಕಳಿಗೆ ತೋರಿಸುವ ಚಿತ್ರವಲ್ಲ, ಇಲ್ಲಿನ ವಾದಕ್ಕೂ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಇಂದಿನ ಪ್ರೇಕ್ಷಕರು ಗೊಂಬೆಗಳನ್ನು ಒಪ್ಪುವುದಿಲ್ಲ ಎಂಬ ನೆಪಕ್ಕೆ ಮಾತ್ರ ಅದು ಉತ್ತರ.

ಆದ್ದರಿಂದ ತಪ್ಪನ್ನು ನಟರ ಮೇಲಾಗಲಿ, ಕಂಪ್ಯೂಟರಿನ ಮೇಲಾಗಲಿ ಹೊರಿಸುವುದು ಸಲ್ಲದು. ಹಕ್ಕುಗಳು ಕೈಯಿಂದ ಕೈಗೆ ದಾಟಿ ಬಂದ ಒಂದು ಹೆಸರನ್ನು, ವಾಹನಗಳ ಆಕಾರವನ್ನು, ದ್ವೀಪದ ನಕ್ಷೆಯನ್ನು ಸ್ಟುಡಿಯೊ ಜತನದಿಂದ ಉಳಿಸಿಕೊಂಡಿತು. ಆ ವಾಹನಗಳು ಏತಕ್ಕೆ ಹಾರುತ್ತವೆ ಎಂಬುದನ್ನು ಕೈಬಿಟ್ಟಿತು. ಚಿತ್ರದ ಬಗ್ಗೆ ಅಭಿಮಾನಿಗಳ ತೀರ್ಪು ಕಠಿಣವಾಗಿತ್ತು, ಅನ್ಯಾಯವಾಗಿರಲಿಲ್ಲ. ಈ ಲೋಕದ ಪರಿಚಯ ಇಲ್ಲದವರು, ಮನೆಯ ಮಕ್ಕಳನ್ನು ಕೂರಿಸಿಕೊಂಡು ನೋಡಬೇಕೆಂದಿದ್ದರೆ, ‘ಟ್ರ್ಯಾಪ್ಡ್ ಇನ್ ದ ಸ್ಕೈ’ನಿಂದ ಶುರುಮಾಡಿ. ಸಿನಿಮಾವನ್ನು ಆಮೇಲೆ, ಕುತೂಹಲ ಇನ್ನೂ ಉಳಿದಿದ್ದರೆ, ನೋಡಿ.